ಬಿಸಿಲಿನಿಂದ ಬಂದ ಸಾಕ್ಷಿ

ಚೀಸ್ ಮಾಗಿಸುವ ಗವಿಯ ಒಳತುದಿಯಲ್ಲಿ ಮನೂಸೊಸ್ ಕವುಚಿ ಬಿದ್ದಿದ್ದ. ತಲೆ ಒಡೆದಿತ್ತು. ಹೊಡೆದ ಆಯುಧದ ಸುಳಿವಿಲ್ಲ. ಹೊರಗೆ ಕ್ರೀಟ್ ದ್ವೀಪದ ಮಧ್ಯಾಹ್ನ ಸುಡುತ್ತಿತ್ತು.

ಇನ್‌ಸ್ಪೆಕ್ಟರ್ ಸ್ಟಮಾಟಿಯಾಳನ್ನು ಊರವರು ಸುತ್ತುವರಿದರು.

“ಆ ಗೂಬೇನ ನಮ್ಮ ಕೈಗೆ ಕೊಟ್ಟು ನೀವು ಪಟ್ಟಣಕ್ಕೆ ಹೊರಡಿ,” ಎಂದ ಸತ್ತವನ ತಮ್ಮ ಸ್ತ್ರಾತಿಸ್.

ಗೂಬೆ ಎಂದರೆ ಮಿನಾಸ್. ಹುಟ್ಟಿನಿಂದ ಬಣ್ಣ ಕಾಣದವನು. ಬಿಸಿಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡೂ ತಡಕಾಡುವವನು. ಅವನ ಅಂಗೈತುಂಬ ರಕ್ತ.

“ಮಾವ ಬರೋಕೆ ಹೇಳಿದ್ರು. ಕಾಲಿಗೆ ತೊಡರಿದ್ರು. ಚೀರಿಕೊಂಡೆ. ಎತ್ತೋಕೆ ಹೋದೆ,” ಎಂದ ಮಿನಾಸ್.

“ಯಾರಿಗೋ ಮಾವ ಅಂತೀಯ?” ಸ್ತ್ರಾತಿಸ್ ಹಲ್ಲು ಕಡಿದ. “ಮೇಡಂ, ಚೀರಿದ್ದು ಕೇಳಿ ಬಿಸಿಲಿಂದ ಒಳಗೆ ನುಗ್ಗಿದೆ. ಇವ್ನು ಕುರುಬರ ಕೋಲಲ್ಲಿ ಬಾರಿಸ್ತಿದ್ದ. ಆ ಕತ್ತಲಲ್ಲಿ ಗುರಿ ಹಿಡಿಯೋಕೆ ಗೂಬೆಗಲ್ದೆ ಇನ್ಯಾರಿಗಾಗತ್ತೆ?”

ಜನ ಕೂಗಿದರು. ಸ್ಟಮಾಟಿಯಾ ಮಿನಾಸನನ್ನು ಜೀಪಿಗೆ ಹತ್ತಿಸಿ ಬಾಗಿಲು ಹಾಕಿದಳು.

* * *

ಸತ್ತವನ ಮಗಳು ಅರೆತಿ ಅಳುತ್ತಿರಲಿಲ್ಲ.

“ಮಿನಾಸ್‌ನ ಮದುವೆ ಆಗ್ತೀನಿ ಅಂದೆ. ಕೆಟ್ಟ ರಕ್ತ ನಮ್ಮನೆಗೆ ಬೇಡ ಅಂತ ಚಿಕ್ಕಪ್ಪ ಕುಣಿದ. ಅಪ್ಪ, ನಾನು ಇಬ್ರೂ ರಕ್ತ ಪರೀಕ್ಷೆ ಮಾಡಿಸಿದ್ವಿ. ಅದೇ ರೋಗದ ಬೀಜ ನಮ್ಮಲ್ಲೂ ಇದೆ. ತಾಯಿ ತಂದೆ ಇಬ್ಬರಿಂದಲೂ ಬಂದ್ರೆ ಮಾತ್ರ ಕಣ್ಣಿಗೆ ತಟ್ಟತ್ತಂತೆ. ಇವತ್ತು ತಮ್ಮನಿಗೆ ಹೇಳಿಬಿಡ್ತೀನಿ ಅಂತ ಅಪ್ಪ ಗವಿಗೆ ಹೋದ್ರು.”

ಸ್ಟಮಾಟಿಯಾ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದಳು. ಆಮೇಲೆ ಟಾರ್ಚ್ ಹಿಡಿದು ಗವಿ ಜಾಲಾಡಿದಳು. ಹಲಗೆಗಳ ಹಿಂದೆ ಕೋಲು ಸಿಕ್ಕಿತು, ರಕ್ತದ ಸಮೇತ. ಟಾರ್ಚ್ ಆರಿಸಿ ಅಲ್ಲೇ ಕುಳಿತಳು. ಕಣ್ಣು ಕತ್ತಲಿಗೆ ಒಗ್ಗುವವರೆಗೆ.

* * *

“ಸ್ತ್ರಾತಿಸ್, ಆಗ ಬಂದ ಹಾಗೇ ಓಡಿ ಬಾ!” ಗವಿಯೊಳಗಿಂದ ಸ್ಟಮಾಟಿಯಾ ಕೂಗಿದಳು.

ಅವನು ಬಿಸಿಲಿನಿಂದ ನುಗ್ಗಿ ಎಡವಿದ.

“ನನ್ನ ಕೈಲೇನಿದೆ?”

“ಕೋಲು.”

“ಬರಿಗೈ ಕಣೋ.” ಅವನ ರಟ್ಟೆ ಹಿಡಿದು ಜನರ ಮುಂದೆ ತಂದಳು.

“ಕಣ್ಣಿನ ಅಕ್ಷಿಪಟಲದಲ್ಲಿ ಎರಡು ಥರ ಕೋಶ. ಹಗಲಿಗೂ ಬಣ್ಣಕ್ಕೂ ಶಂಕುಗಳು, ಮಬ್ಬಿಗೆ ಕಡ್ಡಿಗಳು. ಬಿಸಿಲು ಬಿದ್ರೆ ಕಡ್ಡಿಗಳು ಸೋತುಹೋಗ್ತವೆ. ಕತ್ತಲಲ್ಲಿ ಬಹಳ ಹೊತ್ತು ಇದ್ರೇನೇ ಚೇತರಿಸ್ಕೊಳ್ಳೋದು. ಮಿನಾಸ್‌ಗೆ ಶಂಕುಗಳು ಕೆಲಸ ಮಾಡಲ್ಲ. ಕಡ್ಡಿಗಳು ನಿಮ್ಮವುಗಳ ಹಾಗೇ, ಹೆಚ್ಚೇನಿಲ್ಲ. ಅವನು ಊರ ಚೌಕ ದಾಟಿ ತಡಕಾಡ್ತಾ ಬಂದದ್ದನ್ನ ನೀವೇ ನೋಡಿದ್ದೀರಿ. ಒಳಗೆ ಹೋದ ಕೂಡ್ಲೇ ಚೀರಿದ್ದನ್ನೂ ಕೇಳಿದ್ದೀರಿ. ಬಂದವನೇ ಗುರಿಯಿಟ್ಟು ಹೊಡೆಯೋಕೆ ಅವನಿಂದ ಆಗಲ್ಲ. ಬಿಸಿಲಿಂದ ನುಗ್ಗಿ ಅದನ್ನ ನೋಡೋಕೆ ಇವನಿಂದಲೂ ಆಗಲ್ಲ. ಆಯುಧ ಆಗಿನ್ನೂ ಸಿಕ್ಕೇ ಇರಲಿಲ್ಲ. ಕೋಲು ಅಂತ ಇವನಿಗೆ ಹೇಗೆ ಗೊತ್ತಾಯ್ತು?”

ಸ್ತ್ರಾತಿಸ್ ಕೈ ಕೊಸರಿಕೊಂಡ. ಬಿಡಲಿಲ್ಲ ಅವಳು.

“ನಕ್ಕ ಅಣ್ಣ!” ಸ್ತ್ರಾತಿಸ್ ಅರಚಿದ. “ನಮ್ಮ ರಕ್ತದಲ್ಲೂ ಗೂಬೆ ಇದೆ ಕಣೋ ತಮ್ಮಾ ಅಂತ ನಕ್ಕ! ಹೊಡೆದೆ!”

ಬೇಡಿ ಬಿತ್ತು. ಯಾರೂ ಮಿನಾಸನ ಕ್ಷಮೆ ಕೇಳಲಿಲ್ಲ. ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಗುಂಪಿನಲ್ಲಿ ಸ್ತ್ರಾತಿಸನಿಗೆ ರಕ್ತಸಂಬಂಧಿಯಲ್ಲದವರು ಒಬ್ಬರೂ ಇರಲಿಲ್ಲ.