ಅಕ್ಕಿ ಡಬ್ಬದ ಮೊದಲ ಕ್ಯಾಸೆಟ್

"ಕ್ಯಾಸೆಟ್ ಎಲ್ಲಿಟ್ಟಿದ್ದೀ ಹೇಳು. ಇಲ್ಲದಿದ್ರೆ ನಾಳೆಯೇ ನಿನ್ನ ವೀಸಾ ಕ್ಯಾನ್ಸಲ್," ಎಂದರು ಉಮ್ಮರ್ ಕುಂಞಿ ಸಾಹೇಬರು.

ರೆಕಾರ್ಡಿಂಗ್ ನೋಡಿಕೊಳ್ಳುವ ಅನ್ಸಾರ್ ತಲೆ ತಗ್ಗಿಸಿ ನಿಂತಿದ್ದ. ಫೋನ್ ಎತ್ತುವ ಕೆಲಸದ ಉಷಾಲತಾಗೆ ನೋಡಿಯೇ ದಣಿವಾಯಿತು. ಗಲ್ಫಿನ ಮನಾಮಾದಲ್ಲಿ, ಸೂಕ್ ಎನ್ನುವ ಹಳೇ ಪೇಟೆಯಲ್ಲಿ, ಮೂರನೇ ಮಹಡಿಯ 'ಮರ್ಯಾದೆ ರೇಡಿಯೊ' ಇಪ್ಪತ್ತು ವರ್ಷಗಳಿಂದ ಇಂಟರ್ನೆಟ್ಟಿನಲ್ಲಿ ಕರಾವಳಿಯವರಿಗೆ ಬುದ್ಧಿ ಹೇಳುತ್ತಿತ್ತು. ಹಾಡಿಲ್ಲ, ತಮಾಷೆಯಿಲ್ಲ, ಹೆಣ್ಣಿನ ಸ್ವರವಂತೂ ಮೈಕಿಗೆ ಬರಕೂಡದು. ವಾರ್ಷಿಕೋತ್ಸವಕ್ಕೆಂದು ಅದರ ಇತಿಹಾಸವನ್ನು ಉಷಾಲತಾಳೇ ಟೈಪು ಮಾಡಿದ್ದಳು. ಮೊದಲ ಸಾಲು: 'ಇಲ್ಲಿಯ ಮೊದಲ ದನಿ ಉಮ್ಮರ್ ಕುಂಞಿಯವರದು.' ಆ ಮೊದಲ ದಿನದ ಕ್ಯಾಸೆಟ್ಟೇ ಈಗ ಕಾಣೆ.

ಬೇರೆ ದಾರಿ ತೋಚದೆ ಅವಳು ಕೆಳಗಿನ ಮನೆಯ ಅಪೊಲಿನ್ ಬಾಯಿಯನ್ನು ಕರೆತಂದಳು. ನಿವೃತ್ತ ನರ್ಸ್; ಆ ಕಟ್ಟಡದಲ್ಲಿ ಕಳೆದದ್ದನ್ನೆಲ್ಲ ಹುಡುಕಿಕೊಟ್ಟವರು.

"ಕಪಾಟಿನ ಬೀಗ ಒಡೆದಿಲ್ಲ. ಬೀಗದಕೈ ಎಷ್ಟುಂಟು?" ಎಂದು ಕೇಳಿದರು ಅಪೊಲಿನ್ ಬಾಯಿ.

"ಎರಡು. ಒಂದು ಇವನತ್ರ, ಒಂದು ಯಾವಾಗ್ಲೂ ನನ್ನ ಅಂಗಿಯ ಜೇಬಲ್ಲಿ," ಎಂದರು ಸಾಹೇಬರು.

ಕಪಾಟಿನೊಳಗೆ ದೊಡ್ಡ ತಗಡಿನ ಡಬ್ಬ. ತೇವದ ಗಾಳಿಗೆ ಬೂಸ್ಟು ಹಿಡಿಯದಿರಲೆಂದು ಕ್ಯಾಸೆಟ್ಟುಗಳನ್ನು ಅಕ್ಕಿಯಲ್ಲಿ ಹುಗಿದಿಟ್ಟಿದ್ದರು. ಊರಲ್ಲಿ ಉಪ್ಪಿನ ಭರಣಿಗೆ ಅಕ್ಕಿಕಾಳು ಹಾಕುವವರ ಬುದ್ಧಿ. ಅಪೊಲಿನ್ ಬಾಯಿ ಒಂದು ಕಾಳು ಕಚ್ಚಿದರು. ಕಟಕ್ಕೆಂದಿತು. ಕೆಂಪಗೆ ಹುರಿದ ಅಕ್ಕಿ.

"ಹೋದ ವಾರ ಬೆಳ್ಳಗಿತ್ತು, ಗಂಟು ಕಟ್ಟಿತ್ತು," ಎಂದ ಅನ್ಸಾರ್.

"ನಿನ್ನ ಊಟ ಎಲ್ಲಿ ಮಾರಾಯ?"

"ಅಸ್ಕರಿನ ಲೇಬರ್ ಕ್ಯಾಂಪಿನ ಮೆಸ್ಸಲ್ಲಿ. ರೂಮಲ್ಲಿ ಒಲೆ ಇಡ್ಲಿಕ್ಕೆ ಬಿಡುದಿಲ್ಲ."

"ಸಾಹೇಬ್ರೇ, ನೀವು ಅಡುಗೆ ಮಾಡುದುಂಟಾ?"

"ನಾನು ಚಾಕ್ಕೆ ನೀರೂ ಇಟ್ಟವನಲ್ಲ." ಅದರಲ್ಲೂ ಅವರಿಗೊಂದು ಹೆಮ್ಮೆ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಸ್ಟುಡಿಯೊದಲ್ಲಿ ಸೇರಿದರು. ಅಪೊಲಿನ್ ಬಾಯಿ ಹೇಳಿಕಳಿಸಿದ್ದರಿಂದ ಸಾಹೇಬರ ಹೆಂಡತಿ ಫಾತಿಮಾ ಕೂಡ ಬಂದಿದ್ದರು.

"ಕಳ್ಳ ಒಂದು ಕ್ಯಾಸೆಟ್ ತೆಗೆದ, ಉಳಿದದ್ದು ಹಾಳಾಗದ ಹಾಗೆ ಹೊಸ ಅಕ್ಕಿ ಹುರಿದು ಹಾಕಿ ಹೋದ," ಎಂದರು ಅಪೊಲಿನ್ ಬಾಯಿ. "ಅಂಥ ಕಳ್ಳ ಉಂಟಾ? ಅದು ಈ ಕ್ಯಾಸೆಟ್ಟುಗಳನ್ನು ಸಾಕಿದವರ ಕೈ. ಅನ್ಸಾರಿಗೆ ಒಲೆ ಇಲ್ಲ, ಸಾಹೇಬ್ರಿಗೆ ಒಲೆ ಗೊತ್ತಿಲ್ಲ. ಇನ್ನು ಆ ಅಂಗಿ ಒಗೆಯುವಾಗ ಜೇಬು ನೋಡುವವರು ಯಾರು?"

ಫಾತಿಮಾ ಚೀಲದಿಂದ ಕ್ಯಾಸೆಟ್ ತೆಗೆದರು. "ಈ ಅನ್ಸಾರಿನ ಮೇಲೆ ಕಳವಿನ ಮಾತು ಬಂತು ಅಂತ ನನಗೆ ಗೊತ್ತೇ ಇಲ್ಲ. ನನಗೆ ಯಾರು ಎಂತ ಹೇಳ್ತಾರೆ? ವಾರ್ಷಿಕೋತ್ಸವಕ್ಕೆ ಇದರಲ್ಲಿದ್ದದ್ದು ಅಳಿಸಿ ತನ್ನ ಸ್ವರ ತುಂಬಿಸ್ತೇನೆ ಅಂದ್ರು ಇವರು. ನನಗೆ ತಡೀಲಿಕ್ಕೆ ಆಗ್ಲಿಲ್ಲ."

ಅನ್ಸಾರ್ ಅದನ್ನು ಹಾಕಿದ. ಗರಗರದ ನಡುವೆ ಒಂದು ಎಳೆಯ ದನಿ: "ಅಸ್ಸಲಾಮು ಅಲೈಕುಂ, ನಮಸ್ಕಾರ. ನಾನು ಫಾತಿಮಾ. ಯಾರಾದ್ರೂ ಕೇಳ್ತಾ ಇದ್ದೀರಾ?"

ಉಷಾಲತಾ ಕಂಪ್ಯೂಟರಿನ ಮುಂದೆ ಕೂತಳು. ತಾನು ಟೈಪು ಮಾಡಿದ ಮೊದಲ ಸಾಲನ್ನು ಅವಳು ಅಳಿಸಿದಳು.

"ಅನ್ಸಾರ್ ಇರ್ಲಿ," ಎಂದರು ಸಾಹೇಬರು. ಮೈಕನ್ನು ಹೆಂಡತಿಯ ಕಡೆ ಸರಿಸಿದರು. "ಇವತ್ತು ನೀನೇ ಎರಡು ಮಾತು ಹೇಳು."

"ಇಪ್ಪತ್ತು ವರ್ಷ ಆಯ್ತಲ್ಲ," ಎಂದರು ಫಾತಿಮಾ. "ಹೇಳುವಂಥದ್ದು ಈಗ ಎಂತದೂ ಇಲ್ಲ."

ಕ್ಯಾಸೆಟ್ಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು ಅನ್ಸಾರಿಗೆ ಹೇಳಿದರು: "ಅಕ್ಕಿ ಗಂಟು ಕಟ್ಟಿದ್ರೆ ಬದಲಿಸು ಮಗ. ಇನ್ನು ನಾನು ಬರುದಿಲ್ಲ."