ಕಿಂಡಿಗೆ ಕಟ್ಟಿದ ದಾರ

ನಾನು ಕಾರಿನ ವೈರಿಂಗ್ ಕೆಲಸದವನು. ದೆವ್ವಗಿವ್ವ ನಂಬುವ ಆಸಾಮಿಯಲ್ಲ. ಒಬ್ಬ ಹೆಂಗಸು ತಂದ ಕಾರಿನಲ್ಲಿ ಕೀಲಿ ತೆಗೆದರೂ ಹೀಟರ್ ಫ್ಯಾನ್ ನಿಲ್ಲುತ್ತಿರಲಿಲ್ಲ. ಗಾಳಿ ಕಣ್ಣಿಗೆ ಕಾಣಲೆಂದು ಅಭ್ಯಾಸದಂತೆ ಡ್ಯಾಶ್‌ಬೋರ್ಡಿನ ಕಿಂಡಿಗೊಂದು ದಾರ ಕಟ್ಟಿದೆ. ರಿಲೇ ಬದಲಿಸಿದೆ, ಫ್ಯೂಸ್ ಕಿತ್ತೆ, ಬ್ಯಾಟರಿಯನ್ನೇ ಬಿಚ್ಚಿದೆ. ದಾರ ಹಾರಾಡುತ್ತಲೇ ಇತ್ತು. ತಲೆಕೆಟ್ಟು ಫ್ಯಾನನ್ನೇ ಹೊರತೆಗೆದು ಮೇಜಿನ ಮೇಲಿಟ್ಟೆ.

“ಈಗ ನಿಂತಿರ್ಬೇಕು, ನೋಡಿ ಅಕ್ಕಾ.”

ಆಕೆ ಕಿಂಡಿಗೆ ಕೈಯೊಡ್ಡಿದರು. “ಇಲ್ಲಣ್ಣ, ಬರ್ತಾನೇ ಇದೆ. ಬೆಚ್ಚಗಿದೆ.”

ನಾನು ಬಗ್ಗಿ ನೋಡಿದೆ. ದಾರ ಹೊರಕ್ಕೆ ಹಾರಿತು. ಒಂದಿಷ್ಟು ಹೊತ್ತು ಸುಮ್ಮನಾಯಿತು. ಆಮೇಲೆ ನಿಧಾನವಾಗಿ ಒಳಗಿನಿಂದ ಸೆಳೆದಂತೆ ಕಿಂಡಿಯೊಳಕ್ಕೆ ಹೋಯಿತು; ಮತ್ತೆ ಹೊರಕ್ಕೆ ಬಂತು.

ಆಕೆ ತಟ್ಟನೆ ಕೈ ಹಿಂದೆಗೆದುಕೊಂಡರು. “ಗಾಡಿ ಇಲ್ಲೇ ಇರ್ಲಿ,” ಎಂದು ಹೊರಟವರು ಮತ್ತೆ ಬರಲಿಲ್ಲ.

ಕಾರು ನನ್ನ ಶೆಡ್ಡಿನಲ್ಲೇ ಇದೆ, ಬೀಗ ಹಾಕಿ. ದಿನಾ ಬೆಳಗ್ಗೆ ಅದರ ಗಾಜಿಗೆ ಒಳಗಡೆಯಿಂದ ಆವಿ ಕಟ್ಟಿರುತ್ತದೆ.