ಹನ್ನೊಂದು ಸಲ ಮುಟ್ಟಿದ ಕೆನ್ನೆ

"ಈ ಟ್ಯೂಬ್ ನಾನ್ ಕೊಡಲ್ಲ ಕಣ್ರೀ."

ಕೊಳ್ಳೇಗಾಲ ಬಸ್‌ಸ್ಟ್ಯಾಂಡ್ ಎದುರಿನ ಮೆಡಿಕಲ್ ಶಾಪಿನಲ್ಲಿ, ಆರು ಜನ ಗಿರಾಕಿಗಳ ನಡುವೆ, ಹೇಮಂತ್ ಭವ್ಯಳಿಗೆ ಆಡಿದ ಮೊದಲ ಮಾತು ಇದು.

ಹಿಂದೆ ಮೂರು ಸಲ ಬಂದಾಗ ಅಂಗಡಿ ಮಾಲೀಕರೇ ಮೊಡವೆ ಮುಲಾಮಿನ ಟ್ಯೂಬ್ ಕೊಟ್ಟಿದ್ದರು. ಈ ಗಡ್ಡದವನು ಪಕ್ಕದಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದ, ಅಷ್ಟೇ. ಇವತ್ತು ಮಾಲೀಕರಿರಲಿಲ್ಲ.

ದುಪಟ್ಟಾ ಸುತ್ತಿದ್ದ ಭವ್ಯಳ ಕಣ್ಣುಗಳಷ್ಟೇ ಹೊರಗಿದ್ದವು. ಆ ಕಣ್ಣುಗಳು ಕೆಂಪಾದವು.

"ಯಾಕೆ, ನಾನೇನು ಬಿಟ್ಟಿ ಕೇಳ್ದ್ನಾ?"

"ಎರಡು ತಿಂಗ್ಳಲ್ಲಿ ನಾಲ್ಕನೇ ಟ್ಯೂಬ್ ಇದು. ಸ್ಟೀರಾಯ್ಡ್ ಇದೆ ಇದ್ರಲ್ಲಿ. ಮೊದ್ಲು ಬೆಳ್ಳಗಾಯ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಮೊಡವೆ ಡಬಲ್ ಆಯ್ತವೆ. ಡಾಕ್ಟರ್ ಚೀಟಿ ತಕಂಡು ಬನ್ನಿ."

ಇವತ್ತು ಗುರುವಾರ. ಭಾನುವಾರ ಹನೂರಿನಿಂದ ಗಂಡಿನ ಕಡೆಯವರು ಬರುತ್ತಾರೆ. ಹಿಂದೆ ಬಂದ ಇಬ್ಬರು ಕಾಫಿ ಕುಡಿದು, ಮುಖ ನೋಡಿ, "ಊರಿಗೋಗಿ ಫೋನ್ ಮಾಡ್ತೀವಿ" ಎಂದು ಹೋದವರು ಇನ್ನೂ ಮಾಡಿಲ್ಲ. ಇದೂ ತಪ್ಪಿದರೆ ಅಪ್ಪನ ಮುಖ ಹೇಗೆ ನೋಡುವುದು...

"ಇನ್ನೊಂದು," ಅವನ ದನಿ ತಗ್ಗಿತು. "ನೀವಿಲ್ಲಿ ನಿಂತಾಗಿಂದ ಹನ್ನೊಂದು ಸಲ ಕೆನ್ನೆ ಮುಟ್ಕೊಂಡ್ರಿ. ದುಪಟ್ಟಾ ಒಳಗಡೆ ಕೈ ಆಕಿ."

"ನಾನಾ? ಒಂದ್ಸಲಾನೂ ಮುಟ್ಟಿಲ್ಲ. ಕಂಡೋರ ಕೆನ್ನೆ ಎಣಿಸೋಕೆ ಸಂಬಳ ಕೊಡ್ತಾರಾ ನಿಮ್ಗೆ?"

ಹಿಂದೆ ನಿಂತಿದ್ದ ಪಕ್ಕದ ಮನೆ ಚಿಕ್ಕನಿಂಗಮ್ಮ ಕಿಸಕ್ಕೆಂದಳು. "ಬುಡು ಮಗ. ಮದ್ವೆ ಆದ್ರೆ ಮೊಡವೆ ಅವೇ ಓಯ್ತವೆ."

"ಮದ್ವೆ ಆಗ್ಬೇಕಲ್ಲ ಅಕ್ಕಾ ಮೊದ್ಲು," ಎಂದುಬಿಟ್ಟಳು ಭವ್ಯ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಹೇಮಂತ್ ನಗಲಿಲ್ಲ. ಮಾತ್ರೆ ಹಾಕುವ ಕಾಗದದ ಕವರಿನ ಮೇಲೆ ಏನೋ ಗೀಚಿ ಅವಳತ್ತ ತಳ್ಳಿದ. ಅವಳು ಅದನ್ನು ಓದದೆ ಬ್ಯಾಗಿಗೆ ತುರುಕಿ ಹೊರಟಳು. ತನ್ನ ಬೀದಿಯಲ್ಲಿದ್ದ ಇನ್ನೊಂದು ಅಂಗಡಿಯಲ್ಲಿ ಅದೇ ಟ್ಯೂಬ್ ಒಂದೂ ಪ್ರಶ್ನೆಯಿಲ್ಲದೆ ಸಿಕ್ಕಿತು.

ಶುಕ್ರವಾರ ಬೆಳಿಗ್ಗೆ ಹಚ್ಚಿದಳು. ಮಧ್ಯಾಹ್ನ ಹಚ್ಚಿದಳು. ಹಚ್ಚಿಕೊಂಡೇ ಅಪ್ಪನ ರೇಷ್ಮೆ ಮಗ್ಗಕ್ಕೆ ಕೂತಳು. ಕೆನೆ ಬಣ್ಣದ ಸೀರೆ, ಅರ್ಧಕ್ಕೂ ಹೆಚ್ಚು ಆಗಿತ್ತು.

ಶನಿವಾರ ಕನ್ನಡಿ ನೋಡಿದಾಗ ಮುಖ ಕೆಂಡವಾಗಿತ್ತು. ನೀರು ತಾಗಿದರೂ ಉರಿ.

ಆಗಲೇ ಸಂಬಂಧ ತಂದಿದ್ದ ರಂಗಮ್ಮತ್ತೆಯ ಫೋನ್ ಬಂತು. "ಮುಖಕ್ಕೆ ಅದೇನೋ ಆಗದಂತಲ್ಲವ್ವ ನಿಂಗೆ. ಅದ್ಕೇ ನಾಳೆ ಬರಾಕಿಲ್ವಂತೆ ಅವ್ರು."

ಫೋನ್ ಇಟ್ಟು ದುಪಟ್ಟಾ ಸುತ್ತಿಕೊಂಡಳು. ಹನೂರಿಗೆ ಯಾರು ಹೇಳಿದರು? ಮುಖ ಮುಚ್ಚಿಕೊಂಡೇ ಓಡಾಡುವ ತನ್ನ ಗುಟ್ಟು ಯಾರಿಗೆ ಗೊತ್ತು?

ಅವನಿಗೆ. ಅವನೊಬ್ಬನಿಗೇ. ಅಂದು ಅಂಗಡಿಯಲ್ಲಿದ್ದ ಉಳಿದವರು ಆ ಸಿಟ್ಟಿನಲ್ಲಿ ನೆನಪಾಗಲಿಲ್ಲ.

ಹತ್ತು ನಿಮಿಷದಲ್ಲಿ ಅವಳು ಅದೇ ಕೌಂಟರಿನ ಮುಂದಿದ್ದಳು. ಮಾಲೀಕ ಸಿದ್ದಮಲ್ಲಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಅಂಗಡಿ ತುಂಬಾ ಜನ.

"ನನ್ ಸುದ್ದಿ ಹನೂರ್ ಗಂಟ ಮುಟ್ಸಿದ್ರಲ್ಲ, ಈಗ ಸಮಾಧಾನ ಆಯ್ತಾ?"

ಹೇಮಂತನ ಕೈಯಲ್ಲಿದ್ದ ಮಾತ್ರೆ ಪಟ್ಟಿ ಅಲ್ಲೇ ನಿಂತಿತು. "ನಾನು ಯಾರಿಗೂ ಏಳಿಲ್ಲ ಕಣ್ರೀ."

"ಇನ್ಯಾರು ಏಳ್ತಾರೆ? ಬಂದೋರ ಕಾಯಿಲೇನ ಬೀದಿಗಾಕ್ತಾರೆ ಇಲ್ಲಿ. ಎಲ್ರೂ ಕೇಳಿಸ್ಕೊಳ್ಳಿ."

ಎಲ್ಲರೂ ಕೇಳಿಸಿಕೊಂಡರು. ಸಿದ್ದಮಲ್ಲಪ್ಪನವರ ಮುಖ ಗಂಟಾಯಿತು. ಹೇಮಂತ್ ಒಮ್ಮೆ ಅವಳ ಕಣ್ಣನ್ನು ನೋಡಿ ತಲೆ ತಗ್ಗಿಸಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ... ಅದೇ ಅವಳನ್ನು ದಾರಿಯುದ್ದಕ್ಕೂ ಚುಚ್ಚಿತು.

ಮನೆಗೆ ಬಂದರೆ ಅಪ್ಪ ಶಿವನಂಜಯ್ಯ ಮಗ್ಗದ ಮುಂದೆ ಕೂತಿದ್ದರು. ನೇಯ್ದು ಸುತ್ತಿದ್ದ ಸೀರೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಿದ್ದರು.

"ಕೂಸೇ, ಬಾ ಇಲ್ಲಿ. ಏನಿದು?"

ಕೆನೆ ಬಣ್ಣದ ರೇಷ್ಮೆಯ ಮೇಲೆ ಒಂದು ಜಿಡ್ಡಿನ ಕಲೆ. ಬೆರಳ ತುದಿಯಷ್ಟು. ಅಲ್ಲಿಂದ ಎರಡು ಬೆರಳಗಲಕ್ಕೆ ಇನ್ನೊಂದು. ಮತ್ತೆರಡು ಬೆರಳಗಲಕ್ಕೆ ಮತ್ತೊಂದು.

"ಎಳೆ ಕಡಿದಾಗೆಲ್ಲ ಯಾವ ಕೈಲಿ ಕಟ್ಟಿದ್ದೆ? ಮುಲಾಮಿನ ವಾಸ್ನೆ ಒಡೀತದೆ."

"ಕೈ ತೊಳ್ದೇ ಕೂತಿದ್ದೆ ಅಪ್ಪಾ. ನಾನ್ ಮುಖ ಮುಟ್ಟೇ ಇಲ್ಲ..."

ಅದೇ ಮಾತನ್ನು ಗುರುವಾರ ಇನ್ನೊಬ್ಬರ ಮುಂದೆಯೂ ಹೇಳಿದ್ದಳಲ್ಲ.

ಕೂತು ಎಣಿಸಿದಳು. ಮೂವತ್ನಾಲ್ಕು. ಕೆನ್ನೆಯಿಂದ ಎಳೆಗೆ, ಎಳೆಯಿಂದ ಕೆನ್ನೆಗೆ... ತನಗೇ ಗೊತ್ತಿಲ್ಲದಂತೆ ಅವಳ ಕೈ ಮೂವತ್ನಾಲ್ಕು ಸಲ ಹೋಗಿ ಬಂದಿತ್ತು. ಈಗಲೂ ಬೆರಳು ಗಲ್ಲದ ಮೇಲೇ ಇತ್ತು.

"ಸೀರೆ ಬುಡು, ಬೇರೆ ನೇಯ್ಬೋದು," ಎಂದರು ಅಪ್ಪ. "ನಿನ್ ಮುಖ ನೋಡ್ಕಂಡಿದ್ದೀಯಾ? ಅದ್ಕೇ ಬೆಳಿಗ್ಗೆ ನಾನೇ ಹನೂರೋರ್ಗೆ ಫೋನ್ ಮಾಡಿ ಬರಬ್ಯಾಡಿ ಅಂದೆ."

"ನೀವಾ?"

"ಇನ್ನೇನ್ ಮಾಡ್ಲಿ? ಉರಿ ತಡೀನಾರ್ದೆ ಒದ್ದಾಡೋ ಮಗಳ್ನ ಅಲಂಕಾರ ಮಾಡಿ ಯಾರ್ ಮುಂದೆ ಕೂರಿಸ್ಲಿ? ನಿಂಗೆ ಏಳೋಕೆ ಬಾಯಿ ಬರ್ನಿಲ್ಲ, ಅಷ್ಟೇಯ."

ಭವ್ಯ ಬ್ಯಾಗಿಗೆ ಕೈ ಹಾಕಿದಳು. ಮುದುರಿದ ಕವರ್ ಸಿಕ್ಕಿತು. ಅವಸರದ ಅಕ್ಷರಗಳು.

'ರಾತ್ರಿ ತಲೆಗೆ ಎಣ್ಣೆ ಹಚ್ಕೊಂಡು ಮಲಗಬೇಡಿ, ಹಣೆಗೆ ಇಳಿಯುತ್ತೆ. ದಿಂಬಿನ ಕವರ್ ಆಗಾಗ ಒಗೀರಿ, ಮುಖಕ್ಕೆ ಕಟ್ಟೋ ದುಪಟ್ಟಾ ದಿನಾ ಒಗೀರಿ. ಸೋಪು ದಿನಕ್ಕೆ ಎರಡೇ ಸಲ. ನಿದ್ದೆಗೆಡಬೇಡಿ. ಮೊಡವೆ ಚಿವುಟಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ, ಟ್ಯೂಬ್ ಬಿಡೋದು ಹೇಗೆ ಅಂತ ಅವರೇ ಹೇಳ್ತಾರೆ. ಇದೇ ಟ್ಯೂಬ್ ನಾನೂ ಒಂದು ವರ್ಷ ಹಚ್ಚಿದ್ದೆ. ನನ್ನ ಗಡ್ಡ ಸ್ಟೈಲಿಗೆ ಬಿಟ್ಟಿದ್ದಲ್ಲ.'

ಕೊನೆಯ ಸಾಲು ಮಂಜಾಯಿತು. ಕಣ್ಣೊರೆಸಿಕೊಂಡು ಎದ್ದಳು.

ಅಂಗಡಿಯಲ್ಲಿ ಸಿದ್ದಮಲ್ಲಪ್ಪ ಒಬ್ಬರೇ ಇದ್ದರು.

"ಸಾ, ಅವ್ರು ಏನೂ ಏಳಿರ್ಲಿಲ್ಲ. ನಮ್ಮಪ್ಪಾನೇ ಏಳಿದ್ದು. ತಪ್ಪು ನಂದು."

ಅವರು ಕನ್ನಡಕ ತೆಗೆದರು. "ಈಗ ಬಂದು ಏಳ್ತೀಯಲ್ಲವ್ವ. ಅಷ್ಟು ಜನದ ಮುಂದೆ ನೀನ್ ಕೂಗ್ದೆ, ನಾನು ಹೇಮಂತನ್ನ ನಾಳೆಯಿಂದ ಬರಬ್ಯಾಡ ಅಂತ ಕಳಿಸ್ಬುಟ್ಟೆ. ಆ ಟ್ಯೂಬ್ ಬ್ಯಾಡಿ ಸಾ, ಬ್ಯಾಡಿ ಸಾ ಅಂತ ನನ್ ಜೊತೇಲೂ ದಿನಾ ಜಗಳ ಆಡೋನು. ಈಗಷ್ಟೇ ಅವ್ನೂರಿಗೆ ಅಂತ ಯಳಂದೂರ್ ಬಸ್ಸಿಗೆ ಓದ. ನೀನೇ ಕರ್ಕೊಂಡು ಬಾ, ನಾನ್ಯಾವ ಮುಖ ಇಟ್ಕಂಡು ಕರೀಲಿ."

ರಸ್ತೆ ದಾಟಿ ಓಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರಿಬ್ಬರು ಅವಳ ಮುಖವನ್ನೇ ನೋಡಿ ಪಿಸುಗುಟ್ಟಿದಾಗ ಗೊತ್ತಾಯಿತು, ದುಪಟ್ಟಾ ಮಗ್ಗದ ಮೇಲೇ ಉಳಿದಿದೆ.

ಎರಡು ವರ್ಷದಲ್ಲಿ ಮೊದಲ ಸಲ ಅವಳ ಕೆನ್ನೆಗೆ ಬಿಸಿಲು ತಾಗಿತ್ತು. ನಿಲ್ಲಲೇ? ತಿರುಗಿ ಹೋಗಲೇ?

ಯಳಂದೂರು ಬಸ್ಸಿನ ಇಂಜಿನ್ ಗುರುಗುಟ್ಟಿತು. ಮೂರನೇ ಕಿಟಕಿಯಲ್ಲಿ ಆ ಗಡ್ಡ ಕಂಡಿತು.

"ಹೇಮಂತ್..."

ಅವನು ತಿರುಗಿದ. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಕಣ್ಣನ್ನು ಬಿಟ್ಟು ಅವಳದೇನನ್ನೂ ಅವನು ನೋಡಿರಲೇ ಇಲ್ಲ.

"ಮೂವತ್ನಾಲ್ಕು ಸಲ," ಏದುಸಿರಿನಲ್ಲೇ ಹೇಳಿದಳು. "ಸೀರೆ ಮೇಲೆ ಕಲೆ ಆಗದೆ. ನಾನೇ ಎಣಿಸ್ದೆ. ನೀವ್ ಏಳಿದ್ದೇ ನಿಜ. ಹನೂರೋರ್ಗೆ ಏಳಿದ್ದು ನಮ್ಮಪ್ಪ. ನಿಮ್ ಕೆಲ್ಸ ಕಳ್ದೆ ನಾನು... ಬೈಯಿರಿ."

"ಬೈಯೋಕೆ ಏನೂ ಇಲ್ಲ. ಜನರ ಮುಂದೆ ನಿಮ್ಗೆ ಕೆನ್ನೆ ಲೆಕ್ಕ ಏಳ್ಬಾರ್ದಿತ್ತು. ತಪ್ಪು ನಂದೂ ಇದೆ."

"ಯಾಕ್ ಎಣಿಸಿದ್ರಿ?"

ಅವನು ಕಿಟಕಿಯ ಸರಳು ಹಿಡಿದುಕೊಂಡ. "ದಿನಾ ನೂರು ಜನ ಬರ್ತಾರೆ, ಯಾರ ಕೈನ ಎಣಿಸ್ತೀನಿ? ನಿಮ್ಮನ್ನ ನೋಡ್ತಾ ನಿಂತಿದ್ದೆ. ಲೆಕ್ಕ ತಾನಾಗೇ ಆಯ್ತು."

ಕಂಡಕ್ಟರ್ ವಿಷಲ್ ಹಾಕಿದ. ಬಸ್ಸು ಅಲುಗಿತು.

"ನಮ್ ಬೀದೀಲೂ ಮೆಡಿಕಲ್ ಶಾಪ್ ಐತೆ," ಬಸ್ಸಿನ ಜೊತೆಗೇ ಹೆಜ್ಜೆ ಹಾಕುತ್ತಾ ಹೇಳಿದಳು. "ಪ್ರತಿ ಸಲ ಬಸ್‌ಸ್ಟ್ಯಾಂಡ್ ಗಂಟ ಯಾಕ್ ಬರ್ತಿದ್ದೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು."

"ನಿಲ್ಸಿ ಸಾ, ಇಳೀಬೇಕು."

"ಅತ್ತೋಕ್ ಮುಂಚೆ ಯೋಚ್ನೆ ಮಾಡಕಾಯ್ತಿರ್ಲಿಲ್ವೇನಪ್ಪ?" ಕಂಡಕ್ಟರ್ ಬೈಯುತ್ತಲೇ ಬಾಗಿಲು ತೆಗೆದ.

ಧೂಳೆಬ್ಬಿಸಿ ಬಸ್ಸು ಹೋಯಿತು. ಇಬ್ಬರೂ ಎದುರುಬದುರು ನಿಂತರು. ಅವನು ಅವಳ ಮುಖವನ್ನು ಪೂರ್ತಿಯಾಗಿ ನೋಡಿದ. ನಾಚಿಕೆಯೋ ಭಯವೋ, ಅವಳ ಕೈ ತಾನಾಗಿ ಕೆನ್ನೆಯತ್ತ ಎದ್ದಿತು.

ಅರ್ಧ ದಾರಿಯಲ್ಲೇ ಅವನು ಆ ಕೈ ಹಿಡಿದುಕೊಂಡ.

"ಬಿಡಿ... ಜನ ನೋಡ್ತಾವ್ರೆ."

"ಬಿಟ್ರೆ ಮುಖಕ್ಕೆ ಓಯ್ತದೆ."

ಭವ್ಯಳ ಬೆರಳುಗಳೂ ಅವನ ಕೈ ಹಿಡಿದವು.

"ಅಂಗಾದ್ರೆ ಬಿಡಬೇಡಿ."